ನಾನು ಕೊಟ್ಟ ಆ ಬ್ಯಾಗ್ ಯಾರಿಗೆ ಹೋಯ್ತು? ರಕ್ತನಿಧಿಗಳನ್ನ ನಡೆಸೋರಿಗೆ ಒಂದು ಬಹಿರಂಗ ಪತ್ರ

ರಕ್ತನಿಧಿ ಕೇಂದ್ರಗಳ ಮುಖ್ಯಸ್ಥರಿಗೆ, ಮತ್ತು ರಕ್ತದಾನದ ನಿಯಮ ಬರೆಯೋ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನವನೂ ಅಲ್ಲ. ಹದಿಮೂರು ವರ್ಷದಲ್ಲಿ 36 ಸಲ ರಕ್ತ ಕೊಟ್ಟವನು, ಈ ಪತ್ರ ಬರೆಯೋಕೆ ನನಗಿರೋ ಅರ್ಹತೆ ಅದೊಂದೇ. ಪ್ರತಿ ಸಲ ತೂಕ ನೋಡಿದ್ರಿ, ಬಿಪಿ ನೋಡಿದ್ರಿ, ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದ್ರಿ, ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಲ್ಲಾ ಟೆಸ್ಟ್ ಮಾಡಿದ್ರಿ, ಎಲ್ಲದರಲ್ಲೂ ನಾನು ಪಾಸ್. ಆದ್ರೆ ನನ್ನ ಕೆಂಪು ರಕ್ತಕಣದಲ್ಲಿ ಹುಟ್ಟಿದಾಗಿನಿಂದ ಒಂದು ಕಿಣ್ವ ಕಮ್ಮಿ ಇದೆ, ಅದಕ್ಕೆ ಜಿ-6-ಪಿಡಿ ಅಂತಾರೆ, ಪೂರ್ತಿ ಹೆಸರು ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್. ಇದು ನನಗೆ ಗೊತ್ತಾಗಿದ್ದು 36ನೇ ಸಲ ಕೊಟ್ಟು ಆರು ದಿನ ಆದ್ಮೇಲೆ, ಅದೂ ನಿಮ್ಮಿಂದ ಅಲ್ಲ, ಹುಟ್ಟಿ ಒಂದು ವಾರ ಆಗಿದ್ದ ನನ್ನ ಅಳಿಯನಿಂದ.

ಏನಾಯ್ತು ಅಂತ ಹೇಳ್ತೀನಿ. ನನ್ನ ತಂಗಿಗೆ ಗಂಡು ಮಗು ಆಯ್ತು, ಎರಡು ಕೆಜಿ ಎಂಟುನೂರು ಗ್ರಾಂ, ಚೆನ್ನಾಗಿ ಅತ್ತ, ಚೆನ್ನಾಗಿ ಹಾಲು ಕುಡಿದ. ಎರಡನೇ ದಿನ ಸಂಜೆ ಕಣ್ಣಿನ ಬಿಳಿ ಭಾಗ ಹಳದಿ ಕಾಣ್ತಿದೆ ಅಂದ್ರು, ಮಕ್ಕಳಿಗೆ ಕಾಮಾಲೆ ಬರೋದು ಮಾಮೂಲು ಅಂತ ನಾವೂ ಸುಮ್ನಿದ್ವಿ, ನೀಲಿ ಲೈಟ್ ಕೆಳಗೆ ಮಲಗಿಸಿದ್ರು. ಮೂರನೇ ದಿನ ಬಿಲಿರುಬಿನ್, ಅಂದ್ರೆ ಕೆಂಪು ಕಣ ಒಡೆದಾಗ ಹುಟ್ಟೋ ಹಳದಿ ವಸ್ತು, 26ಕ್ಕೆ ಏರಿತ್ತು. ತಾಯಿದೂ ಓ ಪಾಸಿಟಿವ್, ಮಗುದೂ ಓ ಪಾಸಿಟಿವ್, ಹಾಗಾಗಿ ಗ್ರೂಪ್ ಹೊಂದದೆ ಹೀಗಾಗಿದೆ ಅನ್ನೋ ಹಾಗೂ ಇಲ್ಲ. ರಕ್ತ ಬದಲಾಯಿಸ್ಬೇಕು, ತಡ ಮಾಡಿದ್ರೆ ಮೆದುಳಿಗೆ ಪೆಟ್ಟು, ಕಿವಿ ಹೋಗಬಹುದು ಅಂದ್ರು.

ಗಾಜಿನ ಆಚೆ ನಿಂತು ನೋಡಿದೀನಿ ನಾನು. ಹೊಕ್ಕುಳಲ್ಲಿ ಒಂದು ಸಣ್ಣ ಪೈಪು, ಡಾಕ್ಟರ್ ಹತ್ತು ಎಂಎಲ್ ಹೊರಗೆ ಎಳೀತಾರೆ, ಹತ್ತು ಎಂಎಲ್ ಒಳಗೆ ಬಿಡ್ತಾರೆ, ಪಕ್ಕದಲ್ಲಿ ನರ್ಸ್ ಒಂದೊಂದಕ್ಕೂ ಜೋರಾಗಿ ಎಣಿಸಿ ಚಾರ್ಟ್ ಮೇಲೆ ಗೆರೆ ಹಾಕ್ತಾರೆ. ಮಗುವಿನ ಮೈಯಲ್ಲಿರೋ ರಕ್ತದ ಎರಡರಷ್ಟು ಹೀಗೆ ಬದಲಾಯಿಸ್ಬೇಕಂತೆ, ಅಂದ್ರೆ ನಲವತ್ತೈದು ಸಲದ ಹತ್ರ. ಒಂದೂವರೆ ಗಂಟೆ ಆದ್ಮೇಲೆ ಆ ಮಗುವಿನ ಮೈಯಲ್ಲಿ ಅದರದ್ದೇ ರಕ್ತ ಅನ್ನೋದು ಸ್ವಲ್ಪ ಉಳಿದಿತ್ತು, ಮಿಕ್ಕಿದ್ದೆಲ್ಲಾ ಯಾರೋ ಗುರುತಿಲ್ಲದ ಪುಣ್ಯಾತ್ಮರದ್ದು. ಅದೇ ಹೊತ್ತಲ್ಲಿ ಕೆಳಗಿನ ಮಹಡಿಯಲ್ಲಿ ನನ್ನ ಕೈಗೆ ಸೂಜಿ ಹಾಕಿದ್ರು. ಮಗುವಿಗೆ ಒಂದು ಬ್ಯಾಗ್ ತಗೊಂಡಿದ್ದಕ್ಕೆ ಬದಲಿಗೆ ಒಂದು ಬ್ಯಾಗ್ ಕೊಡಿ ಅಂದಿದ್ರು, ಹಿಂದಿನ ಸಲ ಕೊಟ್ಟು ನಾಲ್ಕು ತಿಂಗಳಾಗಿತ್ತು, ಖುಷಿಯಾಗೇ ಕೊಟ್ಟೆ.

ರಾತ್ರಿ 14ಕ್ಕೆ ಇಳಿದಿದ್ದ ಬಿಲಿರುಬಿನ್ ಬೆಳಿಗ್ಗೆ ಮತ್ತೆ 24. ಇನ್ನೊಂದು ಸಲ ಅದೇ ಪೈಪು, ಅದೇ ಎಣಿಕೆ, ಇನ್ನೊಂದು ಬ್ಯಾಗ್.

ಎರಡನೇ ಸಲ ಆದ್ಮೇಲೆ ಹಿರಿಯ ಡಾಕ್ಟರಮ್ಮ ಒಬ್ರು ಬಂದು ಕೇಸ್ ಶೀಟ್ ನೋಡಿ ಮೊದಲು ಕೇಳಿದ ಪ್ರಶ್ನೆ, "ರಕ್ತ ಬದಲಾಯಿಸೋಕೆ ಮುಂಚೆ ತೆಗೆದ ಸ್ಯಾಂಪಲ್ ಇದೆಯಾ?" ಅಂತ. ಆಗ ಯಾಕೆ ಹಾಗೆ ಕೇಳಿದ್ರು ಅಂತ ತಿಳೀಲಿಲ್ಲ. ಬದಲಾಯಿಸಿದ ಮೇಲೆ ಟೆಸ್ಟ್ ಮಾಡಿದ್ರೆ ರಿಪೋರ್ಟ್ ಮಗುದಲ್ಲ, ದಾನಿದು ಬರುತ್ತೆ, ಅದಕ್ಕೆ. ಪುಣ್ಯಕ್ಕೆ ಫ್ರಿಜ್‌ನಲ್ಲಿ ಒಂದು ಚಿಕ್ಕ ಟ್ಯೂಬ್ ಉಳಿದಿತ್ತು. ಜಿ-6-ಪಿಡಿ ಕೊರತೆ ಅಂತ ಬಂತು. ಆಮೇಲೆ ಅವ್ರು ತಂಗಿ ಕಡೆ ತಿರುಗಿ "ನಿಮಗೆ ಅಣ್ಣತಮ್ಮಂದಿರು ಇದ್ದಾರಾ?" ಅಂದ್ರು. ತಂಗಿ ನನ್ನ ಕಡೆ ಕೈ ತೋರಿಸಿದ್ಲು.

ಈ ಕೊರತೆಯ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್ ಮೇಲೆ. ಗಂಡಸಿಗೆ ಒಂದೇ ಎಕ್ಸ್, ಅದು ತಾಯಿಯಿಂದ ಬಂದಿದ್ದು. ನಮ್ಮ ಅಮ್ಮನ ಎರಡು ಎಕ್ಸ್‌ನಲ್ಲಿ ಒಂದು ಹೀಗಿತ್ತು, ಅದು ನನಗೂ ಬಂತು, ತಂಗಿಗೂ ಬಂತು, ತಂಗಿಗೆ ಇನ್ನೊಂದು ಒಳ್ಳೇದು ಇದ್ದಿದ್ದಕ್ಕೆ ಏನೂ ಗೊತ್ತಾಗ್ಲಿಲ್ಲ, ಅವಳಿಂದ ಮಗನಿಗೆ ಹೋಯ್ತು. ಸೋದರಮಾವನ ಹೋಲಿಕೆ ಅಂತಾರಲ್ಲ, ನಮ್ಮಿಬ್ಬರದು ಮೂಗು ಕಿವಿಯಲ್ಲಿ ಬರದೆ ರಕ್ತದಲ್ಲೇ ಬಂದಿತ್ತು.

ಮಾರನೇ ದಿನ ಲ್ಯಾಬ್‌ಗೆ ಹೋದೆ. ಅಲ್ಲಿನ ಟೆಕ್ನಿಶಿಯನ್ ಹುಡುಗ ನನ್ನ ಒಂದು ಹನಿ ರಕ್ತನ ಒಂದು ದ್ರಾವಣಕ್ಕೆ ಬೆರೆಸಿ, ಕಲಸಿದ ಕೂಡಲೇ ಒಂದು ಚುಕ್ಕೆ, ಐದು ನಿಮಿಷಕ್ಕೆ ಒಂದು, ಹತ್ತು ನಿಮಿಷಕ್ಕೆ ಒಂದು ಅಂತ ಫಿಲ್ಟರ್ ಪೇಪರ್ ಮೇಲೆ ಇಟ್ಟ. ಪಕ್ಕದಲ್ಲಿ ಅವನದ್ದೇ ರಕ್ತ ಕಂಟ್ರೋಲ್‌ಗೆ ಇಟ್ಕೊಂಡಿದ್ದ. ಒಣಗಿಸಿ, ಲೈಟ್ ಆಫ್ ಮಾಡಿ, ಯುವಿ ದೀಪ ಹಾಕಿದ, ಕಿಣ್ವ ಇದ್ರೆ ಚುಕ್ಕೆ ಹೊಳೀಬೇಕು. ಅವನ ಸಾಲಲ್ಲಿ ಐದರ ಚುಕ್ಕೆ ತಿಳಿಯಾಗಿ, ಹತ್ತರದ್ದು ಇನ್ನೂ ಜೋರಾಗಿ ನೀಲಿ ಹಸಿರು ಹೊಳೀತಿತ್ತು. ನನ್ನ ಸಾಲಲ್ಲಿ ಮೂರೂ ಕಪ್ಪು. ಅವನು ಏನೂ ಮಾತಾಡ್ಲಿಲ್ಲ, ಪೇಪರ್ ಸ್ವಲ್ಪ ನನ್ನ ಕಡೆ ಸರಿಸಿದ ಅಷ್ಟೇ. ಒಟ್ಟು ಅರ್ಧ ಗಂಟೆ ಹಿಡೀಲಿಲ್ಲ. 36 ಸಲ ನಿಮ್ಮ ಕುರ್ಚಿ ಮೇಲೆ ಮಲಗಿದೀನಿ, ಒಂದು ಸಲಾನೂ ಈ ಒಂದು ಹನಿಗೆ ಜಾಗ ಇರ್ಲಿಲ್ಲ.

ಈ ಕಿಣ್ವ ಏನ್ ಮಾಡುತ್ತೆ ಅನ್ನೋದು ನಿಮಗೆ ಹೇಳ್ಬೇಕಿಲ್ಲ, ಆದ್ರೆ ಈ ಪತ್ರ ಓದೋ ಬೇರೆ ದಾನಿಗಳಿಗೆ ಹೇಳ್ಬೇಕು. ಕೆಂಪು ಕಣಕ್ಕೆ ಕೆಲಸ ಆಮ್ಲಜನಕ ಹೊರೋದು, ಅದನ್ನ ಹೊತ್ತು ಹೊತ್ತೇ ಅದು ಒಳಗಿಂದ ತುಕ್ಕು ಹಿಡಿಯೋ ಅಪಾಯ ಇರುತ್ತೆ. ತುಕ್ಕು ತಡೆಯೋದು ಗ್ಲುಟಾಥಯೋನ್ ಅನ್ನೋ ವಸ್ತು, ಅದನ್ನ ಮತ್ತೆ ಮತ್ತೆ ರಿಪೇರಿ ಮಾಡೋಕೆ ಎನ್‌ಎಡಿಪಿಎಚ್ ಬೇಕು, ಆ ಎನ್‌ಎಡಿಪಿಎಚ್ ತಯಾರಿಸೋಕೆ ಜಿ-6-ಪಿಡಿ ಬೇಕು. ಬೇರೆ ಜೀವಕೋಶಗಳಿಗೆ ಬೇರೆ ದಾರಿಗಳಿವೆ, ಕೆಂಪು ಕಣಕ್ಕೆ ಇರೋದು ಇದೊಂದೇ ದಾರಿ, ಮೈಟೋಕಾಂಡ್ರಿಯಾ ಇಲ್ಲ, ಕೋಶಕೇಂದ್ರ ಇಲ್ಲ, ಹೊಸ ಕಿಣ್ವ ಮಾಡ್ಕೊಳ್ಳೋ ಹಾಗೂ ಇಲ್ಲ, ಹುಟ್ಟುವಾಗ ತಂದ ಬುತ್ತಿಯಲ್ಲೇ 120 ದಿನ ಕಳೀಬೇಕು. ನಮ್ಮಂಥವರ ಕಣದಲ್ಲಿ ಆ ಬುತ್ತಿ ಬೇಗ ಖಾಲಿ. ಸುಮ್ನಿದ್ದಾಗ ಏನೂ ಆಗಲ್ಲ, ಹಿಮೋಗ್ಲೋಬಿನ್ 14, 15 ಇರುತ್ತೆ, ಓಡಾಡ್ತೀವಿ, ಗುಡ್ಡ ಹತ್ತುತ್ತೀವಿ. ಮಲೇರಿಯಾಕ್ಕೆ ಕೊಡೋ ಪ್ರೈಮಾಕ್ವಿನ್, ಕುಷ್ಠಕ್ಕೆ ಕೊಡೋ ಡ್ಯಾಪ್ಸೋನ್, ರ‍್ಯಾಸ್ಬುರಿಕೇಸ್ ತರದ ಔಷಧಿ, ಫಾವಾ ಬೀನ್ಸ್, ಇಲ್ಲಾ ಜೋರು ಸೋಂಕು ಬಂದಾಗ ಮಾತ್ರ ಕಣಗಳು ಸಾಲಾಗಿ ಒಡೆಯೋಕೆ ಶುರುವಾಗುತ್ತೆ.

ಇದನ್ನ ಲ್ಯಾಬ್ ಹುಡುಗನೇ ವಿವರಿಸಿದ್ದು, ವಿವರಿಸ್ತಾ "ಯಾವಾಗಾದ್ರೂ ಮೂತ್ರ ಕಪ್ಪಗೆ ಹೋಗಿತ್ತಾ ಸರ್?" ಅಂದ. ಇಲ್ಲ ಅಂದೆ. ಮನೆಗೆ ಹೋಗೋ ದಾರಿಯಲ್ಲಿ ಥಟ್ಟನೆ ನೆನಪಾಯ್ತು. ಎಂಟು ವರ್ಷದ ಹಿಂದೆ ಮಲೇರಿಯಾ ಬಂದಿತ್ತು, 14 ದಿನದ ಮಾತ್ರೆ ಕೊಟ್ಟಿದ್ರು, ನಾಲ್ಕನೇ ದಿನಕ್ಕೆ ಮೂತ್ರ ಕೋಲಾ ಬಣ್ಣ, ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟೋದು. ನೀರು ಕಮ್ಮಿ ಕುಡಿದಿದ್ದಕ್ಕೆ ಇರ್ಬೇಕು ಅಂದ್ಕೊಂಡೆ, ಮಾತ್ರೆ ಉಷ್ಣ ಅಂತ ನಾನೇ ನಿಲ್ಲಿಸಿದೆ, ಸರಿಹೋಯ್ತು. ನಿಯಮದ ಪ್ರಕಾರ ಕಾಯ್ಬೇಕಾದಷ್ಟು ದಿನ ಕಾದು ಮತ್ತೆ ಬಂದು ನಿಮ್ಮಲ್ಲಿ ರಕ್ತ ಕೊಟ್ಟೆ. ಫಾರ್ಮ್‌ನಲ್ಲಿ ಮಲೇರಿಯಾ ಬಂದಿತ್ತಾ ಅಂತ ಇತ್ತು, ಹೌದು ಅಂತ ಟಿಕ್ ಹಾಕಿದೆ, ತಾರೀಕು ಬರೆದೆ. ಮಾತ್ರೆ ತಗೊಂಡಾಗ ಏನಾಯ್ತು ಅಂತ ಯಾರೂ ಕೇಳ್ಲಿಲ್ಲ, ನನಗೂ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ದಾನಿಗಳ ಆಯ್ಕೆಗೆ ಅಂತ ಒಂದು ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಈ ಕೊರತೆ ಇದ್ರೂ ರಕ್ತ ಒಡೆದ ಇತಿಹಾಸ ಇಲ್ಲದವರಿಂದ ರಕ್ತ ತಗೋಬಹುದು, ಒಡೆದ ಇತಿಹಾಸ ಇದ್ದವರಿಂದ ಮುಂದೆಂದೂ ತಗೋಬಾರದು. ಅಂದ್ರೆ ಎಂಟು ವರ್ಷದ ಹಿಂದೇನೇ ನಾನು ನಿಲ್ಲಿಸ್ಬೇಕಿತ್ತು. ಆಮೇಲೆ ಕೊಟ್ಟಿದ್ದು 22 ಬ್ಯಾಗ್. ನನ್ನ ತಪ್ಪು ಇದರಲ್ಲಿ ಎಷ್ಟು, ನಿಮ್ಮದೆಷ್ಟು ಅಂತ ರಾತ್ರಿ ಕೂತು ಲೆಕ್ಕ ಹಾಕಿದೀನಿ, ಹೊಂದಿಕೆ ಆಗಿಲ್ಲ.

ರಿಪೋರ್ಟ್ ಹಿಡ್ಕೊಂಡು ರಕ್ತನಿಧಿಗೆ ಹೋದೆ. ಕೌಂಟರ್‌ನಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿದ್ರು. ಕೇಳಿದ್ದು ಎರಡೇ ಪ್ರಶ್ನೆ. ನನ್ನ ಅಳಿಯನಿಗೆ ಹಾಕಿದ ಎರಡು ಬ್ಯಾಗ್ ಕೊಟ್ಟವರಿಗೆ ಈ ಕೊರತೆ ಇತ್ತಾ? ಆರು ದಿನದ ಹಿಂದೆ ನಾನು ಕೊಟ್ಟ ಬ್ಯಾಗ್ ಎಲ್ಲಿದೆ? ಮೊದಲನೇದಕ್ಕೆ, ಆ ಟೆಸ್ಟ್ ನಾವು ಮಾಡಲ್ಲ ಸರ್, ರಿಜಿಸ್ಟರ್‌ನಲ್ಲಿ ಆ ಕಾಲಮ್ಮೇ ಇಲ್ಲ ಅಂದ್ರು. ಎರಡನೇದಕ್ಕೆ ಕಂಪ್ಯೂಟರ್ ನೋಡಿ, ಇಶ್ಯೂ ಆಗಿದೆ ಅಂದ್ರು. ಯಾರಿಗೆ? ಹೇಳೋ ಹಾಗಿಲ್ಲ. ಹೆಸರು ಬೇಡ, ದೊಡ್ಡವರಿಗಾ ಮಗುವಿಗಾ ಅಷ್ಟಾದ್ರೂ ಹೇಳಿ, ಅಥವಾ ನೀವೇ ಆ ವಾರ್ಡ್‌ಗೆ ಒಂದು ಫೋನ್ ಮಾಡಿ ಹೀಗಿದೆ ಅಂತ ತಿಳಿಸಿ ಅಂದೆ. "ಅದಕ್ಕೆ ರೂಲ್ ಇಲ್ಲ ಸರ್. ನಿಮ್ಮ ಹಿಮೋಗ್ಲೋಬಿನ್ ಚೆನ್ನಾಗಿತ್ತಲ್ಲ, ಐದೂ ಟೆಸ್ಟ್ ನೆಗೆಟಿವ್, ತಲೆ ಕೆಡಿಸ್ಕೋಬೇಡಿ" ಅಂದ್ರು. ನನ್ನ ರಕ್ತದ ಗ್ರೂಪ್ ಓ ಪಾಸಿಟಿವ್. ಅಳಿಯ ಮಲಗಿದ್ದ ಅದೇ ವಾರ್ಡ್‌ನಲ್ಲಿ ಇನ್ನೂ ನಾಲ್ಕು ಮಕ್ಕಳಿದ್ವು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಅಳಿಯನ ಬಿಲಿರುಬಿನ್ ಮತ್ತೆ ಏರಿದ್ದು ಆ ಮೊದಲ ಬ್ಯಾಗ್‌ನಿಂದಲೇ ಅಂತ ನಾನು ಹೇಳ್ತಿಲ್ಲ. ಅದರ ಮೈಯಲ್ಲಿ ಉಳಿದಿದ್ದ ಸ್ವಂತ ಕಣಗಳೂ ಒಡೀತಿದ್ದವು, ಮೈಯ ಅಂಗಾಂಶಗಳಲ್ಲಿ ಸೇರಿಕೊಂಡಿದ್ದ ಬಿಲಿರುಬಿನ್ ರಕ್ತಕ್ಕೆ ವಾಪಸ್ ಬರುತ್ತೆ, ಬದಲಾಯಿಸಿದ ಮೇಲೆ ಸ್ವಲ್ಪ ಏರೋದು ಸಹಜ ಅಂತ ಡಾಕ್ಟರಮ್ಮನೇ ಹೇಳಿದ್ರು. ನನ್ನ ದೂರು ಬೇರೆ. ಬ್ಯಾಗ್ ಕಾರಣ ಇರಬಹುದಾ ಅಂತ ಕೇಳಿದ್ರೆ ಹೌದು ಅನ್ನೋಕೂ ಇಲ್ಲ ಅನ್ನೋಕೂ ನಿಮ್ಮ ಹತ್ರ ಒಂದು ಚೂರು ದಾಖಲೆ ಇಲ್ಲ. ಗೊತ್ತಿಲ್ಲ ಅನ್ನೋದನ್ನೇ ನೀವು ತೊಂದರೆ ಇಲ್ಲ ಅಂತ ಓದ್ತಿದೀರಿ.

ಇದು ಲಕ್ಷಕ್ಕೊಬ್ಬರಿಗೆ ಬರೋ ವಿಚಿತ್ರ ಕಾಯಿಲೆ ಆಗಿದ್ರೆ ನಾನು ಈ ಪತ್ರ ಬರೀತಿರ್ಲಿಲ್ಲ. ಮನುಷ್ಯರಲ್ಲಿ ಕಾಣೋ ಕಿಣ್ವದ ಕೊರತೆಗಳಲ್ಲಿ ಅತೀ ಸಾಮಾನ್ಯ ಇದು. ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ 2009ರ ಒಂದು ಸಮೀಕ್ಷೆಯಲ್ಲಿ ಸರಾಸರಿ 4.9 ಶೇಕಡಾ ಅಂತ ಬಂತು. ಮಲೇರಿಯಾ ಇರೋ ದೇಶಗಳನ್ನಷ್ಟೇ ತಗೊಂಡು 2012ರಲ್ಲಿ ಮಾಡಿದ ನಕ್ಷೆಯಲ್ಲಿ ಈ ಜೀನ್‌ನ ಪ್ರಮಾಣ 8 ಶೇಕಡಾ ಹತ್ರ. ಮಲೇರಿಯಾ ಎಲ್ಲೆಲ್ಲಿ ಹೆಚ್ಚು ಕಾಡಿದೆಯೋ ಅಲ್ಲಲ್ಲೇ ಈ ಕೊರತೆ ಹೆಚ್ಚು, ಯಾಕಂದ್ರೆ ಇದು ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಕೊಟ್ಟಿದೆ, ಹಾಗೆ ಬದುಕುಳಿದವರ ಮಕ್ಕಳು ಮೊಮ್ಮಕ್ಕಳು ನಾವು. ಒಂದು ಸಮುದಾಯದಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗಿದ್ದು, ಪಕ್ಕದ ಸಮುದಾಯದಲ್ಲಿ ಹತ್ತಕ್ಕೊಬ್ಬರಿಗೆ ಇರಬಹುದು. ಅದಕ್ಕೇ ಜಗತ್ತಿನ ಸರಾಸರಿ ಇಟ್ಕೊಂಡು ನಿಮ್ಮ ಫ್ರಿಜ್‌ನಲ್ಲಿ ಎಷ್ಟು ಬ್ಯಾಗ್ ಹೀಗಿವೆ ಅಂತ ಹೇಳೋಕಾಗಲ್ಲ, ನೀವೇ ಎಣಿಸ್ಬೇಕು.

ಎಣಿಸೋವಾಗ ಒಂದು ವಿಷಯ ಗಮನಿಸಿ, ದಾನಿಗಳ ಗುಂಪು ಅಂದ್ರೆ ಊರಿನ ಜನಸಂಖ್ಯೆ ಅಲ್ಲ. ಸುಮ್ನೆ ಲೆಕ್ಕಕ್ಕೆ ಅಂದ್ಕೊಳ್ಳಿ, ಒಂದು ಸಮುದಾಯದಲ್ಲಿ ಈ ಜೀನ್ 5 ಶೇಕಡಾ ಇದೆ. ಸಾವಿರ ಗಂಡಸರಲ್ಲಿ 50 ಜನಕ್ಕೆ ಕೊರತೆ ಇರುತ್ತೆ. ಸಾವಿರ ಹೆಂಗಸರಲ್ಲಿ ಎರಡೂ ಎಕ್ಸ್ ಹೀಗಿರೋರು ಇಬ್ಬರೋ ಮೂವರೋ, ಒಂದು ಎಕ್ಸ್ ಹೀಗಿರೋರು 95 ಜನ. ಈಗ ಒಂದು ರಕ್ತನಿಧಿಯಲ್ಲಿ ಹತ್ತು ಸಾವಿರ ದಾನಿಗಳಲ್ಲಿ ಒಂಬತ್ತು ಸಾವಿರ ಗಂಡಸರೇ ಆಗಿದ್ರೆ ಅಲ್ಲಿಗೇ 450 ಬ್ಯಾಗ್. ದಾನಿಗಳಲ್ಲಿ ಗಂಡಸರು ಜಾಸ್ತಿ ಇದ್ದಷ್ಟೂ ಈ ಸಂಖ್ಯೆ ಏರುತ್ತೆ. ಮೇಲೆ ಹೇಳಿದ 95 ಹೆಂಗಸರ ಕಥೆ ಇನ್ನೂ ಸೂಕ್ಷ್ಮ, ಅವರ ಮೈಯಲ್ಲಿ ಒಂದಷ್ಟು ಕಣ ಗಟ್ಟಿ, ಒಂದಷ್ಟು ಕಣ ಪೊಳ್ಳು, ಎರಡೂ ಕಲಸಿಕೊಂಡಿರುತ್ತೆ, ಯುವಿ ದೀಪದ ಟೆಸ್ಟ್ ಹಿಡಿಯೋದು ಕಿಣ್ವ ಸುಮಾರು 30 ಶೇಕಡಾಗಿಂತ ಕೆಳಗೆ ಇದ್ದವರನ್ನ ಮಾತ್ರ, ಮಧ್ಯದಲ್ಲಿರೋ ಹೆಂಗಸರು ಹೊಳೆದು ಪಾಸ್ ಆಗ್ಬಿಡ್ತಾರೆ. ನನ್ನ ತಂಗಿನೂ ಹಾಗೇ ಪಾಸ್ ಆದ್ಲು, ಆಮೇಲೆ ಎಷ್ಟಿದೆ ಅಂತ ಅಳೆಯೋ ಟೆಸ್ಟ್ ಮಾಡಿಸಿದಾಗಲೇ ಗೊತ್ತಾಗಿದ್ದು.

ನ್ಯೂಯಾರ್ಕ್‌ನಲ್ಲಿ ಮಾಡಿದ ಒಂದು ಎಣಿಕೆ 2013ರಲ್ಲಿ ಪ್ರಕಟ ಆಗಿದೆ, ಅದು ನನ್ನ ಕಣ್ಣು ತೆರೆಸ್ತು. ಅಲ್ಲಿ ಒಟ್ಟು ಬ್ಯಾಗ್‌ಗಳಲ್ಲಿ ಈ ಕೊರತೆ ಇದ್ದಿದ್ದು ಅರ್ಧ ಶೇಕಡಾಗಿಂತಲೂ ಕಮ್ಮಿ, ಓಹ್ ಇಷ್ಟೇನಾ ಅನ್ಸುತ್ತೆ. ಆದ್ರೆ ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ತಿರುಗೋ ಹುಟ್ಟು ಕಾಯಿಲೆ) ರೋಗಿಗಳಿಗೆ ಹೊಂದಲಿ ಅಂತ ಆರ್‌ಎಚ್ ಮಾದರಿ ನೋಡಿ ಆರಿಸಿ ಇಡೋ ಬ್ಯಾಗ್‌ಗಳಲ್ಲಿ ನೂರಕ್ಕೆ 12. ಹೊಂದಾಣಿಕೆ ಚೆನ್ನಾಗಿರಲಿ ಅಂತ ಆ ರೋಗಿಗಳು ಯಾವ ಜನಾಂಗದವರೋ ಅದೇ ಮೂಲದ ದಾನಿಗಳನ್ನ ಹುಡುಕ್ತಾರೆ, ಆ ಮೂಲದಲ್ಲಿ ಕೊರತೆ ಜಾಸ್ತಿ, ಹಾಗಾಗಿ ತಿಂಗಳು ತಿಂಗಳು ರಕ್ತ ಬೇಕಾದವರ ಪಾಲಿಗೇ ಇಂಥ ಬ್ಯಾಗ್ ಹೆಚ್ಚು ಬರುತ್ತೆ. ಒಟ್ಟು ಸರಾಸರಿ ತೋರಿಸಿ ಸಮಾಧಾನ ಹೇಳೋರಿಗೆ ಈ ಎರಡು ಅಂಕಿ ಪಕ್ಕ ಪಕ್ಕ ಇಟ್ಟು ತೋರಿಸ್ಬೇಕು ಅನ್ಸುತ್ತೆ.

ಬ್ಯಾಗ್ ಒಳಗೆ ಏನಾಗುತ್ತೆ ಅಂತಾನೂ ಈಗ ಗೊತ್ತಿದೆ. ಕೆಂಪು ಕಣಗಳನ್ನ 42 ದಿನದ ತನಕ ಫ್ರಿಜ್‌ನಲ್ಲಿ ಇಡ್ತೀರಿ, ಆ ಇಡುವಿಕೆಯೇ ಕಣಗಳಿಗೆ ಒಂದು ಪೆಟ್ಟು, ಒಳ್ಳೆ ಕಣಗಳೇ ಸವೆಯುತ್ತವೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 42 ದಿನ ಇಟ್ಟ ರಕ್ತನ ಕೊಟ್ಟವರಿಗೇ ವಾಪಸ್ ಹಾಕಿ 24 ಗಂಟೆ ಆದ್ಮೇಲೆ ಎಷ್ಟು ಕಣ ಉಳಿದಿವೆ ಅಂತ ನೋಡಿದ್ರು. ಕೊರತೆ ಇಲ್ಲದವರದ್ದು ಸರಾಸರಿ 85.3 ಶೇಕಡಾ, ಕೊರತೆ ಇದ್ದವರದ್ದು 78.5. ಅಮೆರಿಕದ ಔಷಧ ನಿಯಂತ್ರಕರು ಇಟ್ಟಿರೋ ಗೆರೆ 75, ಹಾಗಾಗಿ ಸರಾಸರಿಯಲ್ಲಿ ಪಾಸ್ ಅನ್ನಿ. ಆದ್ರೆ ಕೊರತೆ ಇದ್ದವರಲ್ಲಿ ಒಬ್ಬರಿಂದ ಒಬ್ಬರಿಗೆ ಏರುಪೇರು ಬಹಳ ಇತ್ತು, ಅಂದ್ರೆ ಒಂದು ಬ್ಯಾಗ್ ನೋಡೋಕೆ ಇನ್ನೊಂದು ಬ್ಯಾಗ್ ತರಾನೇ ಇದ್ರೂ ಒಳಗಿನ ಸರಕು ಒಂದೇ ಅಲ್ಲ. ಅಪಘಾತದಲ್ಲಿ ರಕ್ತ ಹೋದ ಒಬ್ಬ ದೊಡ್ಡವನಿಗೆ ನನ್ನ ಬ್ಯಾಗ್ ಹಾಕಿದ್ರೆ ಬಹುಶಃ ಏನೂ ಗೊತ್ತಾಗಲ್ಲ, ಅವನಿಗೆ ಅದರಿಂದ ಜೀವಾನೇ ಉಳಿದಿರಬಹುದು, ಇದನ್ನ ನಾನು ಮುಚ್ಚಿಡಲ್ಲ. ಅದೇ ಬ್ಯಾಗ್ ಮೈಪೂರ್ತಿ ರಕ್ತ ಬದಲಾಯಿಸ್ತಿರೋ ಮೂರು ದಿನದ ಮಗುವಿಗೆ ಹೋದ್ರೆ? ಡ್ಯಾಪ್ಸೋನ್ ತಗೊಳ್ತಿರೋರಿಗೆ? ಕ್ಯಾನ್ಸರ್ ಚಿಕಿತ್ಸೆಯಲ್ಲಿ ರ‍್ಯಾಸ್ಬುರಿಕೇಸ್ ಹಾಕೋ ದಿನಾನೇ ಹಾಕಿದ್ರೆ? ರೋಗಿಗೆ ಕೊರತೆ ಇಲ್ಲ ಅಂತ ಟೆಸ್ಟ್ ಮಾಡಿ ಔಷಧಿ ಕೊಟ್ಟಿರ್ತಾರೆ, ಮೈಯಲ್ಲಿ ಓಡಾಡ್ತಿರೋ ಕಣ ಮಾತ್ರ ನನ್ನದು.

ಇದೇನು ಹೊಸ ಭಯ ಅಲ್ಲ. ಈ ಕೊರತೆ ಇದೆ ಅಂತ ಜಗತ್ತಿಗೆ ಗೊತ್ತಾಗಿದ್ದೇ ಒಬ್ಬರ ರಕ್ತ ಇನ್ನೊಬ್ಬರಿಗೆ ಹಾಕಿ ನೋಡಿ. ಪ್ರೈಮಾಕ್ವಿನ್ ಕೊಟ್ಟಾಗ ಕೆಲವರಿಗೆ ಮಾತ್ರ ಯಾಕೆ ರಕ್ತ ಒಡೆಯುತ್ತೆ ಅಂತ ಹುಡುಕ್ತಿದ್ದವರು, 1954ರ ವರದಿಯಲ್ಲಿದೆ, ಹಾಗೆ ಒಡೆಯೋರ ಕೆಂಪು ಕಣಕ್ಕೆ ವಿಕಿರಣದ ಗುರುತು ಹಚ್ಚಿ ಏನೂ ತೊಂದರೆ ಇಲ್ಲದವರ ಮೈಗೆ ಹಾಕಿದ್ರು, ಆಮೇಲೆ ಅವ್ರಿಗೆ ಪ್ರೈಮಾಕ್ವಿನ್ ಕೊಟ್ರು. ಹಾಕಿದ ಕಣಗಳು ಒಡೆದು ಹೋದ್ವು, ಅವರ ಸ್ವಂತ ಕಣ ಉಳೀತು. ದೋಷ ಮೈಯಲ್ಲಿಲ್ಲ, ಕಣದಲ್ಲೇ ಇದೆ ಅಂತ ಹಾಗೆ ಗೊತ್ತಾಯ್ತು, ಆ ಕಣದಲ್ಲಿ ಕಮ್ಮಿ ಇರೋದು ಜಿ-6-ಪಿಡಿ ಅಂತ ಕಾರ್ಸನ್ ಮತ್ತು ಜೊತೆಯವರು 1956ರಲ್ಲಿ ತೋರಿಸಿದ್ರು. ದಾನಿಯ ದೋಷ ಬ್ಯಾಗ್ ಜೊತೆ ಸಾಗುತ್ತೆ ಅನ್ನೋದೇ ಇಲ್ಲಿ ಮೊದಲ ಪಾಠ, ರಕ್ತನಿಧಿಗಳು ಅದೊಂದನ್ನೇ ಬಿಟ್ಟು ಮಿಕ್ಕಿದ್ದೆಲ್ಲಾ ಓದ್ಕೊಂಡಿವೆ.

ನಿಮ್ಮ ಕಡೆಯ ಆಕ್ಷೇಪಣೆ ನನಗೆ ಗೊತ್ತು, ಕೌಂಟರ್‌ನಲ್ಲೇ ಅರ್ಧ ಕೇಳಿದೀನಿ. ಎಲ್ಲರಿಗೂ ಟೆಸ್ಟ್ ಮಾಡ್ತಾ ಕೂತ್ರೆ ಖರ್ಚು, ಇರೋ ದಾನಿಗಳೇ ಸಾಲಲ್ಲ, ಅದರಲ್ಲಿ ನೂರಕ್ಕೆ ಐದು ಜನನ ಹೊರಗೆ ಹಾಕಿದ್ರೆ ಯಾರ ಹತ್ರ ಕೇಳೋದು? ಸರಿಯಾದ ಮಾತು. ಆದ್ರೆ ಹೊರಗೆ ಹಾಕಿ ಅಂತ ಯಾರು ಹೇಳಿದ್ರು? ಈ ಕೊರತೆ ಹುಟ್ಟಿನಿಂದ ಬಂದಿದ್ದು, ಇವತ್ತು ಇಲ್ಲ ಅಂತ ಬಂದ್ರೆ ಹತ್ತು ವರ್ಷ ಬಿಟ್ರೂ ಇಲ್ಲ, ಎಚ್‌ಐವಿ ತರ ಪ್ರತಿ ಸಲ ನೋಡ್ಬೇಕಿಲ್ಲ, ಒಬ್ಬ ದಾನಿಗೆ ಜೀವಮಾನದಲ್ಲಿ ಒಂದೇ ಸಲ ಸಾಕು. 36 ಸಲ ಕೊಟ್ಟವನಿಗೆ ಒಂದು ಟೆಸ್ಟ್. ಅದೂ ಎಲ್ಲರಿಗೂ ಒಂದೇ ದಿನ ಶುರು ಮಾಡಿ ಅಂತಲ್ಲ, ಮಕ್ಕಳಿಗೆ ರಕ್ತ ಬದಲಾಯಿಸೋಕೆ ಅಂತ ಎತ್ತಿಡೋ ಬ್ಯಾಗ್‌ಗಳಿಂದ ಶುರು ಮಾಡಿ, ಅವು ಎಷ್ಟಿರ್ತವೆ ಮಹಾ. ಗಂಡಸರಿಗೆ ಫಿಲ್ಟರ್ ಪೇಪರ್ ಸಾಕು, ಹೆಂಗಸರಿಗೆ ಅಳೆಯೋ ಟೆಸ್ಟ್, ಇತ್ತೀಚೆಗೆ ರಕ್ತ ಒಡೆದವರಿಗೋ ರಕ್ತ ಹಾಕಿಸ್ಕೊಂಡವರಿಗೋ ಮೂರು ತಿಂಗಳು ಬಿಟ್ಟು ಮಾಡಿ, ಯಾಕಂದ್ರೆ ಒಡೆದ ಕೂಡಲೇ ಹುಟ್ಟೋ ಎಳೇ ಕಣಗಳಲ್ಲಿ ಕಿಣ್ವ ಜಾಸ್ತಿ ಇದ್ದು ರಿಪೋರ್ಟ್ ಸುಳ್ಳು ಹೇಳುತ್ತೆ.

ಕೊರತೆ ಸಿಕ್ಕಿದವರ ಬ್ಯಾಗ್ ಮೇಲೆ ಒಂದು ಗುರುತು ಹಾಕಿ. ನವಜಾತ ಶಿಶುಗಳಿಗೆ, ಗರ್ಭದಲ್ಲಿರೋ ಮಗುವಿಗೆ, ಇದೇ ಕೊರತೆ ಇರೋ ರೋಗಿಗಳಿಗೆ, ಪದೇ ಪದೇ ರಕ್ತ ಬೇಕಾದವರಿಗೆ ಆ ಬ್ಯಾಗ್ ಹೋಗದ ಹಾಗೆ ನೋಡ್ಕೊಳ್ಳಿ, ಮಿಕ್ಕವರಿಗೆ ಕೊಡೋದಿದ್ರೆ ಹಳೇದಾಗೋಕೆ ಬಿಡದೆ ಬೇಗ ಕೊಡಿ. ಕೆಂಪು ಕಣದ ತೊಂದರೆ ಇದು, ಅದೇ ದಾನಿಯ ಪ್ಲಾಸ್ಮಾ ಚರಂಡಿಗೆ ಚೆಲ್ಲೋ ಕಾರಣ ಇಲ್ಲ. ನವಜಾತ ಶಿಶುಗಳ ಟೆಸ್ಟ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 1989ರಲ್ಲೇ ಹೇಳಿದೆ, ಗಂಡಸರಲ್ಲಿ 3ರಿಂದ 5 ಶೇಕಡಾಗಿಂತ ಹೆಚ್ಚು ಕೊರತೆ ಇರೋ ಜನರಲ್ಲಿ ಹುಟ್ಟಿದ ಎಲ್ಲಾ ಮಕ್ಕಳಿಗೂ ಮಾಡಿ ಅಂತ. ಆದ್ರೆ ನಮ್ಮಲ್ಲಿ ಎಷ್ಟು ಶೇಕಡಾ ಅಂತಾನೇ ಎಣಿಸದೆ ಇದ್ರೆ ಆ ಗೆರೆ ದಾಟಿದೀವಾ ಇಲ್ವಾ ಅಂತ ತಿಳಿಯೋದು ಹೇಗೆ? ದಿನಾ ನೂರಾರು ಜನ ತಾವಾಗೇ ಬಂದು ತೋಳು ಚಾಚೋ ಜಾಗ ನಿಮ್ಮದು. ಆ ಎಣಿಕೆ ಮಾಡೋಕೆ ನಿಮಗಿಂತ ಅನುಕೂಲ ಇನ್ನಾರಿಗಿದೆ? ಎಣಿಸಿದ್ದನ್ನ ಪ್ರಕಟಿಸಿ, ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ, ಯಾವ ಟೆಸ್ಟ್, ಎಷ್ಟಕ್ಕಿಂತ ಕೆಳಗಿದ್ರೆ ಕೊರತೆ ಅಂದ್ರಿ ಅನ್ನೋದೂ ಸೇರಿಸಿ. ಇಲ್ಲಾಂದ್ರೆ ಒಬ್ಬರ ಅಂಕಿ ಇನ್ನೊಬ್ಬರದ್ದಕ್ಕೆ ಹೋಲಿಸೋಕೇ ಬರಲ್ಲ.

ಫಾರ್ಮ್‌ಗೆ ಒಂದೇ ಒಂದು ಸಾಲು ಸೇರಿಸಿ ಅಂತಾನೂ ಬೇಡ್ಕೊಳ್ತೀನಿ, ಇದಕ್ಕೆ ದುಡ್ಡೂ ಬೇಡ. "ಯಾವುದಾದ್ರೂ ಮಾತ್ರೆ ತಗೊಂಡಾಗ ಅಥವಾ ಜ್ವರದಲ್ಲಿ ಮೂತ್ರ ಕಪ್ಪಾಗಿ ಹೋಗಿತ್ತಾ? ನಿಮಗೆ ಅಥವಾ ಮನೆಯ ಮಕ್ಕಳಿಗೆ ಹುಟ್ಟಿದಾಗ ಜೋರು ಕಾಮಾಲೆ ಆಗಿತ್ತಾ?" ಎಂಟು ವರ್ಷದ ಹಿಂದೆ ಈ ಸಾಲು ಇದ್ದಿದ್ರೆ ನಾನು ಹೌದು ಅಂತ ಬರೀತಿದ್ದೆ.

ಇನ್ನೊಂದು, ಸಿಕ್ಕಿದ್ದನ್ನ ದಾನಿಗೆ ಹೇಳಿ. ಇದು ನಿಮ್ಮ ಫೈಲ್‌ನಲ್ಲಿ ಮಲಗೋ ವಿಷಯ ಅಲ್ಲ. ನನಗೆ ಗೊತ್ತಾದ ಮೇಲೆ ನಾನು ಯಾವ ಔಷಧಿ ತಗೋಬಾರದು ಅನ್ನೋ ಚೀಟಿ ಪರ್ಸ್‌ನಲ್ಲಿ ಇಟ್ಕೊಂಡಿದೀನಿ. ನನಗೊಬ್ಬಳು ಮಗಳಿದ್ದಾಳೆ, ನನ್ನ ಒಂದೇ ಎಕ್ಸ್ ಅವಳಿಗೆ ಹೋಗಿರಲೇಬೇಕು, ಅದರಲ್ಲಿ ಅನುಮಾನವೇ ಇಲ್ಲ, ನಾಳೆ ಅವಳಿಗೆ ಮಗ ಹುಟ್ಟಿದ್ರೆ ಮೊದಲ ದಿನವೇ ಡಾಕ್ಟರಿಗೆ ಹೇಳ್ಬೇಕು ಅಂತ ಅವಳ ಆರೋಗ್ಯದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟಿದೀವಿ. ಹದಿಮೂರು ವರ್ಷದ ಹಿಂದೆ, ಮೊದಲನೇ ಸಲ ಬಂದಾಗಲೇ ನೀವು ಹೇಳಿದ್ರೆ ತಂಗಿಯ ಕೇಸ್ ಶೀಟ್‌ನಲ್ಲೂ ಆ ಒಂದು ಸಾಲು ಇರ್ತಿತ್ತು, ಮೂರನೇ ದಿನದ ತನಕ ಯಾರೂ ಕಾಯ್ತಿರ್ಲಿಲ್ಲ.

ಅಳಿಯನಿಗೆ ಈಗ ಹದಿನಾಲ್ಕು ತಿಂಗಳು. ಕಿವಿ ಟೆಸ್ಟ್ ಎರಡು ಸಲ ಆಯ್ತು, ಚೆನ್ನಾಗಿ ಕೇಳ್ಸುತ್ತೆ, ಕರೆದ್ರೆ ತಿರುಗಿ ನೋಡ್ತಾನೆ, ಬೇಕಂತಲೇ ನೋಡದೆ ಇರೋದನ್ನೂ ಕಲ್ತಿದ್ದಾನೆ. ನಾನು ರಕ್ತ ಕೊಡೋದು ನಿಲ್ಲಿಸಿದೀನಿ. ಮೂರು ತಿಂಗಳಿಗೊಮ್ಮೆ ನಿಮ್ಮ ಕೇಂದ್ರದಿಂದ ಮೆಸೇಜ್ ಮಾತ್ರ ಬರ್ತಾನೇ ಇದೆ, ಆತ್ಮೀಯ ದಾನಿಗಳೇ, ನೀವು ಮತ್ತೆ ರಕ್ತದಾನ ಮಾಡಲು ಅರ್ಹರಿದ್ದೀರಿ, ಬನ್ನಿ ಅಂತ. ರಿಪೋರ್ಟ್‌ನ ಪ್ರತಿ ಕೊಟ್ಟು ಒಂದು ವರ್ಷದ ಮೇಲಾಯ್ತು.

ಆ 36ನೇ ಬ್ಯಾಗ್‌ನ ನಂಬರ್ ನನ್ನ ಡೋನರ್ ಕಾರ್ಡ್ ಮೇಲೆ ಇದೆ, ಕೇಂದ್ರಕ್ಕೆ ಲಿಖಿತವಾಗಿ ಕೊಟ್ಟಿದೀನಿ, ಸ್ವೀಕೃತಿ ಸೀಲ್ ಕೂಡ ಹಾಕಿಸ್ಕೊಂಡಿದೀನಿ. ಹೆಸರು, ವಿಳಾಸ ಏನೂ ಬೇಡ. ಅದು ಮಕ್ಕಳ ವಾರ್ಡ್‌ಗೆ ಹೋಗಿತ್ತಾ ಇಲ್ವಾ, ಅಷ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ರಕ್ತದಾನಿ